ಕಾಲರಿನ ಗುಂಡುಸೂಜಿ

ಕೆಂಪು, ಮತ್ತೆ ಅದೇ ಕೆಂಪು, ಗೋಡೆಯ ಪರದೆಯ ಮೇಲೆ ನಮ್ಮ ಕಂಪನಿಯ ಹನ್ನೆರಡು ಬಟ್ಟೆ ಅಂಗಡಿಗಳು ಹನ್ನೆರಡು ಕಂಬಗಳಾಗಿವೆ, ಹನ್ನೊಂದು ಹಸಿರಾಗಿ ಎದ್ದು ನಿಂತಿವೆ, ಏಳನೆಯದೊಂದೇ ಗೆರೆಯ ಕೆಳಗೆ ತಲೆಕೆಳಗಾಗಿ ನೇತಾಡುತ್ತಿದೆ, ನಿರ್ದೇಶಕರ ಪೆನ್ನು ಅದನ್ನೇ ತೋರಿಸುತ್ತಿದೆ, ಇದನ್ನ ಈ ತಿಂಗಳೇ ಮುಚ್ಚಿಬಿಡೋಣ, ಸುಮ್ನೆ ಯಾಕೆ ಎಳೀಬೇಕು — ಏಳನೆಯದು ನನ್ನ ಗಂಡನ ಅಂಗಡಿ, ಬಸ್ ನಿಲ್ದಾಣದ ಎದುರಿನದು, ಆರು ವರ್ಷ ಮ್ಯಾನೇಜರ್ ಆಗಿದ್ದ, ಊಟಕ್ಕೆ ಕೂತು ನಗುತ್ತಿದ್ದ, ಕೊಳ್ಳೋದೆಲ್ಲ ಬೇರೆ ಕಡೆ, ವಾಪಸ್ ತಂದು ಸುರಿಯೋದು ನಮ್ಮ ಹತ್ರ ಕಣೇ, ನಾನು ಮುಖ ಸಿಂಡರಿಸಲ್ವಲ್ಲ ಅದಕ್ಕೆ — ನಾನೂ ನಗುತ್ತಿದ್ದೆ, ಅವನು ತೀರಿಹೋಗಿ ಹನ್ನೊಂದು ತಿಂಗಳು, ಕಪಾಟಿನಲ್ಲಿ ನೀಲಿ ಅಂಗಿ, ಅವನಿಗೆ ಕೊಡಲೆಂದು, ಮೊದಲೇ ಗೊತ್ತಾಗದಿರಲೆಂದು ಮೂರನೆಯ ಅಂಗಡಿಯಲ್ಲಿ ಕೊಂಡದ್ದು, ಮಡಿಕೆ ಬಿಚ್ಚಿಲ್ಲ, ಕಾಲರಿನಲ್ಲಿ ಗುಂಡುಸೂಜಿ ಹಾಗೇ ಇದೆ, ಅತ್ತೆ ಹೇಳುತ್ತಾರೆ, ವಾಪಸ್ ಕೊಟ್ಬಿಡೇ ಮಗಳೇ, ದಿನ ಮೀರಿದ್ರೂ ಅವನ ಅಂಗಡಿಯವರು ಬೇಡ ಅನ್ನಲ್ಲ, ಮೊನ್ನೆ ಹಿಡಿದುಕೊಂಡು ಹೊರಟೆ, ಸೂಜಿ ಹೆಬ್ಬೆರಳಿಗೆ ಚುಚ್ಚಿತು, ನೋಯಲಿಲ್ಲ, ಈಚೆಗೆ ಏನೂ ನೋಯುವುದಿಲ್ಲ, ಬಿಲ್ಲು ನೋಡಿದೆ, ಹೊಸಿಲಲ್ಲೇ ನಿಂತುಬಿಟ್ಟೆ — ಮಾರಿದ ಹಣ ಮೂರರ ಲೆಕ್ಕಕ್ಕೆ, ವಾಪಸ್ ಕೊಡುವ ಹಣ ಏಳರ ತಲೆಗೆ, ಈ ಕಂಬಗಳನ್ನು ಕಟ್ಟಿದವರು ಬಿಲ್ಲಿನ ಮೊದಲ ಸಾಲು, ಮಾರಿದ ಅಂಗಡಿ ಯಾವುದೆಂಬುದು, ಓದಿಯೇ ಇಲ್ಲ.

ಸರ್, ಒಂದು ನಿಮಿಷ, ಇದು ನನ್ನ ದನಿಯೇ, ಎದ್ದು ನಿಂತಿದ್ದೇನೆ, ಲೆಕ್ಕಪತ್ರದ ಹಿರಿಯರು ಗೊಣಗುತ್ತಾರೆ, ಪಾಪ, ಗಂಡನ ಅಂಗಡಿ ಅಲ್ವಾ, ಪಾಪ ಕೇಳಿ ಕೇಳಿ ಕಿವಿ ತೂತಾಗಿದೆ, ಮೌಸ್ ಹಿಡಿಯುತ್ತೇನೆ, ವಾಪಸ್ ಪಡೆದ ಅಂಗಡಿ ಎಂಬ ಗುರುತು ತೆಗೆದೆ, ಮಾರಿದ ಅಂಗಡಿ ಎಂದು ಒತ್ತಿದೆ — ಪರದೆ ಬೆಳ್ಳಗಾಯಿತು, ಕಂಬಗಳು ಅಲುಗುತ್ತಿವೆ, ಮೂರು ಕುಗ್ಗಿತು, ಒಂಬತ್ತು ಮೊಣಕಾಲೂರಿತು, ಏಳು ಗೆರೆ ದಾಟಿತು, ಏರುತ್ತಿದೆ, ಇನ್ನೂ ಏರುತ್ತಿದೆ, ಎಲ್ಲಕ್ಕಿಂತ ಎತ್ತರ, ಹಸಿರು, ಯಾರೋ ಅಬ್ಬಾ ಅಂದರು, ನಿರ್ದೇಶಕರ ಪೆನ್ನು ಗಾಳಿಯಲ್ಲೇ ನಿಂತಿದೆ, ಆ ಹಳೇ ಸೂತ್ರ ಹಾಕಿದ್ದು ಯಾರ್ರೀ, ಹಿರಿಯರು ಕನ್ನಡಕ ಒರೆಸುತ್ತಾರೆ, ಒರೆಸುತ್ತಲೇ ಇದ್ದಾರೆ, ನಾನೇ ಸರ್ ಅಂದರು ಕೊನೆಗೆ, ನಿರ್ದೇಶಕರು ಪೆನ್ನು ಕೆಳಗಿಟ್ಟರು, ಸರಿ ಬಿಡಿ, ಮುಚ್ಚೋ ಮಾತು ಇನ್ನು ಯಾರೂ ಎತ್ತಬೇಡಿ — ಹದಿನೆಂಟು ಜನರ ಕೆಲಸ ಉಳಿಯಿತು, ಅವನು ಗೆದ್ದ, ಸಿಂಡರಿಸದ ಆ ಮುಖ ಗೆದ್ದಿತು, ನಾನು ಗೆದ್ದೆ, ಮನೆಗೆ ಹೋಗಿ ಹೇಳಬೇಕು, ಅತ್ತೆ, ನಿಮ್ಮ ಮಗನ ಕಂಬವೇ ಎಲ್ಲಕ್ಕಿಂತ ಎತ್ತರ, ಅಂಗಿ ಮಾತ್ರ ವಾಪಸ್ ಕೊಡಲ್ಲ, ಮೂರರ ಕಂಬದಲ್ಲಿ ಎಲ್ಲೋ ಒಂದು ಎಳೆಯಷ್ಟು ಅದೂ ಇದೆ, ಮಾರಿದ್ದು, ಮರಳದ್ದು, ನೀಲಿ — ಹೆಬ್ಬೆರಳು, ಇದೇನಿದು, ಮೊನ್ನೆ ಚುಚ್ಚಿದ್ದು ಈಗ ಚುಳ್ಳೆನ್ನುತ್ತಿದೆ, ನೋಯುತ್ತಿದೆ, ಕಾಲರು, ಗುಂಡುಸೂಜಿ, ಗುಂಡುಸೂಜಿ