ಮೂರು ಕಂಪ್ಯೂಟರುಗಳಿಗೆ ಒಂದೇ ಬಟನ್

ರಕ್ತನಿಧಿಯಲ್ಲಿ ಮೂರು ಕಂಪ್ಯೂಟರುಗಳಿದ್ದವು, ಮೂರೂ ಬೇರೆ ಬೇರೆ ಜಾತಿಯವು. ರಕ್ತ ತೆಗೆಯುವ ಕೋಣೆಯಲ್ಲಿ ಒಂದು, ಪರೀಕ್ಷೆಯ ಕೋಣೆಯಲ್ಲಿ ಒಂದು, ಚೀಲಗಳನ್ನು ಹೊರಗೆ ಕೊಡುವ ಕೌಂಟರಿನಲ್ಲಿ ಇನ್ನೊಂದು. ಒಂದಕ್ಕೆ ಬರೆದ ಪ್ರೋಗ್ರಾಂ ಮತ್ತೊಂದರಲ್ಲಿ ಓಡುತ್ತಿರಲಿಲ್ಲ. ಅಕ್ಕ ತಂಗಿ ಇಬ್ಬರಿಗೂ ಅಲ್ಲೇ ಕೆಲಸ. ಪ್ರೋಗ್ರಾಂ ಬರೆಯುವ ತಂಗಿ ಹಾಗಾಗಿ ಒಂದೇ ಕೆಲಸಕ್ಕೆ ಮೂರು ಪ್ರೋಗ್ರಾಂ ಬರೆದಿದ್ದಳು. ಅಕ್ಕ ಪರೀಕ್ಷೆಯ ಕೋಣೆಯ ಟೆಕ್ನಿಶಿಯನ್.

ಒಂದು ಮಧ್ಯಾಹ್ನ ಅಕ್ಕ ಕೈಗವಸು ಕಳಚುತ್ತಾ ತಂಗಿಯ ಮೇಜಿಗೆ ಬಂದಳು.

"ಈ ಚೀಲದ ಅವಧಿ ಮುಗಿದಿದೆ ಅಂತ ನನ್ನ ಕಂಪ್ಯೂಟರ್ ಹೇಳುತ್ತೆ. ಕೌಂಟರಿನದ್ದು ಚೆನ್ನಾಗಿದೆ ಅನ್ನುತ್ತೆ. ನಾನು ಲೇಬಲ್ ಓದದೇ ಇದ್ದಿದ್ರೆ ಕೊಟ್ಟೇ ಬಿಡ್ತಿದ್ರು. ಯಾವುದನ್ನ ನಂಬಲೇ?"

ತಂಗಿ ಕೌಂಟರಿನ ಪ್ರೋಗ್ರಾಂ ತೆರೆದು ನೋಡಿದಳು. ಕಳೆದ ವಾರದ ತಿದ್ದುಪಡಿಯನ್ನು ಕೌಂಟರಿನ ಪ್ರೋಗ್ರಾಮಿಗೆ ಹಾಕಲು ಮರೆತಿದ್ದಳು.

ಇನ್ನು ಒಂದೇ ಸಲ ಬರೆಯುವುದು ಎಂದು ಅವಳು ಅಂದೇ ತೀರ್ಮಾನಿಸಿದಳು. ಅದಕ್ಕೆ ಬೇಕಾದದ್ದು ಒಂದು ಲೈಬ್ರರಿ, ಎಂದರೆ ಬೇರೆ ಪ್ರೋಗ್ರಾಂಗಳು ಸೇರಿಸಿಕೊಂಡು ಬಳಸುವ ಸಿದ್ಧ ಕೋಡು. ಪರದೆಯ ಮೇಲೆ ಕಿಟಕಿ, ಬಟನ್, ಪಟ್ಟಿ ಏನೇ ಕೇಳಿದರೂ ಯಾವ ಜಾತಿಯ ಕಂಪ್ಯೂಟರಿನಲ್ಲೂ ಅದು ಮೂಡಿಸಿಕೊಡಬೇಕು. ದಿನವೂ ಬೆಳಿಗ್ಗೆ ಕೆಲಸಕ್ಕೆ ಮೊದಲು ಎರಡು ಗಂಟೆ ಕೂತಳು. ಬಟನ್‌ಗಳನ್ನು ತಾನೇ ಚುಕ್ಕಿ ಚುಕ್ಕಿಯಾಗಿ ಬಿಡಿಸಿದಳು. ದುಂಡು ಮೂಲೆ, ಕೆಳಗೆ ತೆಳು ನೆರಳು. ಅದಕ್ಕೇ ಮೂರು ತಿಂಗಳು ಹಿಡಿಯಿತು.

"ಬಟನ್ ಅಲ್ಲ ಕಣೆ, ಒಡವೆ!" ಎಂದಳು ಅಕ್ಕ.

ಲೈಬ್ರರಿ ಮುಗಿದ ಮೇಲೆ ಅದನ್ನು ಎಲ್ಲರಿಗೂ ಬಿಟ್ಟುಕೊಡುತ್ತೇನೆಂದಾಗ ಮೇಲ್ವಿಚಾರಕರು ತಲೆ ಕೆರೆದುಕೊಂಡರು. "ಪುಕ್ಕಟೆ ಯಾಕಮ್ಮಾ?"

"ನನ್ನ ತಪ್ಪು ನನ್ನ ಕಣ್ಣಿಗೆ ಬೀಳಲ್ಲ ಸರ್. ನಾಲ್ಕು ಜನ ಬಿಚ್ಚಿ ನೋಡಲಿ."

ಅವರು ಸಹಿ ಹಾಕಿದರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂಬ ಒಕ್ಕಣೆಯೊಂದಿಗೆ ಲೈಬ್ರರಿ ಅಂತರ್ಜಾಲಕ್ಕೆ ಹೋಯಿತು.

ಏಳು ವಾರ ಯಾರೂ ಸೊಲ್ಲೆತ್ತಲಿಲ್ಲ. ಆಮೇಲೆ ದೂರದ ಒಬ್ಬ ಟೆಲಿಫೋನ್ ಆಪರೇಟರನ ಪತ್ರ ಬಂತು. "ನನಗೆ ಕಣ್ಣು ಕಾಣಿಸುವುದಿಲ್ಲ. ಪರದೆಯ ಮೇಲಿರುವುದನ್ನು ಕಂಪ್ಯೂಟರ್ ನನಗೆ ಓದಿ ಹೇಳುತ್ತದೆ. ನಿಮ್ಮ ಕಿಟಕಿ ತೆರೆದರೆ ಮಾತ್ರ ಅದು ಬಾಯಿ ಬಿಡುವುದಿಲ್ಲ. ನೀವು ಬಿಡಿಸಿದ ಬಟನ್ ಅದಕ್ಕೆ ಬರೀ ಚಿತ್ರ. ಕಂಪ್ಯೂಟರಿನಲ್ಲಿ ಮೊದಲಿಂದಲೇ ಇರುವ ಅದರ ಸ್ವಂತ ಬಟನ್ನನ್ನು ಬಳಸಿದರೆ ಓದುತ್ತದೆ. ಒಂದು ಜಾತಿಯ ಕಂಪ್ಯೂಟರಿಗೆ ಹಾಗೆ ಮಾಡಿ ಕಳಿಸಿದ್ದೇನೆ."

ಕಳಿಸಿದ ಕೋಡಿನಲ್ಲಿ ಅವಳ ಬಟನ್‌ಗಳ ಸುಳಿವೇ ಇರಲಿಲ್ಲ.

"ಮೂರು ತಿಂಗಳ ಕೆಲಸ ಅಕ್ಕ! ಯಾರೋ ಬಂದು ಗುಡಿಸಿ ಹಾಕು ಅಂತಾನೆ."

"ಗುಡಿಸು ಅಂದ್ನಾ? ನಂಗೂ ಒಳಗೆ ಬರೋಕೆ ಬಿಡಿ ಅಂದ್ನಾ?"

ತಂಗಿ ಮುಖ ಊದಿಸಿಕೊಂಡು ಎರಡು ದಿನ ಉತ್ತರ ಬರೆಯಲಿಲ್ಲ. ಮೂರನೇ ದಿನ, ಆಪರೇಟರ್ ತಿದ್ದಿದ ಜಾತಿಯದೇ ಆದ ಕೌಂಟರಿನ ಕಂಪ್ಯೂಟರಿಗೆ ಓದಿ ಹೇಳುವ ಪ್ರೋಗ್ರಾಂ ಹಾಕಿ, ಪರದೆ ಆರಿಸಿ, ಲೈಬ್ರರಿ ಬಳಸಿ ಬರೆಯುತ್ತಿದ್ದ ಹೊಸ ಪ್ರೋಗ್ರಾಮಿನಲ್ಲಿ ಒಂದು ಚೀಲವನ್ನು ಹುಡುಕಲು ಕೂತಳು. ಒಂದೊಂದೇ ಕೀಲಿ ಒತ್ತಿದಳು. ಕಂಪ್ಯೂಟರ್ ಉಸಿರೆತ್ತಲಿಲ್ಲ. ಎಲ್ಲಿದ್ದೇನೆಂಬುದೇ ತಿಳಿಯದೆ ಕೈ ನಿಂತುಬಿಟ್ಟಿತು. ಬಳಿಕ ಅವನು ಕಳಿಸಿದ್ದನ್ನು ಹಾಕಿದಳು.

"ಹುಡುಕು, ಬಟನ್" ಎಂದಿತು ಕಂಪ್ಯೂಟರ್.

ಏನೂ ನೋಡದೆಯೇ ಚೀಲದ ತಾರೀಖಿನವರೆಗೆ ತಲುಪಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಕೌಂಟರಿನಾತ ಗಾಬರಿಯಿಂದ ನೋಡಿದ.

ಸಂಜೆಯೊಳಗೆ ತನ್ನ ಬಟನ್‌ಗಳನ್ನೆಲ್ಲ ತಾನೇ ಅಳಿಸಿದಳು. "ಉಳಿದೆರಡು ಜಾತಿ ನನ್ನ ಪಾಲು, ಪರೀಕ್ಷೆ ಮಾಡಿ ಬೈಯುವುದು ನಿಮ್ಮ ಪಾಲು" ಎಂದು ಬರೆದಳು. ಆಪರೇಟರ್ ಸಂಕೋಚವಿಲ್ಲದೆ ಬೈದ. ಬೇರೆ ಬೇರೆ ಕಡೆಯಿಂದ ಇನ್ನೂ ಮೂವರು ಸೇರಿಕೊಂಡರು.

ಮರುವರ್ಷ ಮೂರು ಕೋಣೆಗಳಲ್ಲೂ ಒಂದೇ ಪ್ರೋಗ್ರಾಂ ಓಡಿತು. ಅವಧಿ ಮುಗಿದ ಚೀಲವೊಂದರ ಸಂಖ್ಯೆಯನ್ನು ಅಕ್ಕ ತಾನೇ ಮೂರರಲ್ಲೂ ಒತ್ತಿ ನೋಡಿದಳು. ಮೂರರಲ್ಲೂ ಅವಧಿ ಮುಗಿದಿದೆ ಎಂದು ಕೆಂಪು ಬಂತು. "ಹೂಂ, ಈಗ ನಂಬ್ತೀನಿ" ಎಂದಳು.

ಆ ವಾರವೇ ಆಪರೇಟರ್ ಬರೆದಿದ್ದ: "ನಿಮ್ಮ ಲೈಬ್ರರಿಯಿಂದ ನಮ್ಮ ಕಚೇರಿಗೆ ನಂಬರುಗಳ ಪಟ್ಟಿ ಮಾಡಿದೆ. ಮೊದಲು ಯಾವ ನಂಬರ್ ಬೇಕಾದರೂ ಪಕ್ಕದವರನ್ನು ಕೇಳುತ್ತಿದ್ದೆ. ಈಗ ಅವರೂ ನನ್ನ ಪ್ರೋಗ್ರಾಂ ತೆರೆಯುತ್ತಾರೆ."

ತಂಗಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ಚಹಾ ಹಿಡಿದು ನಿಂತಿದ್ದ ಅಕ್ಕ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು.

"ಉತ್ತರ ಬರಿ. ನಾನೂ ಎರಡು ಮಾತು ಸೇರಿಸ್ತೀನಿ."