ಕಾಲು ಮುಂದಾಗಿ

ಬಸವಾಪಟ್ಟಣದ ಖೈರುನ್ನೀಸಾಳ ಹೊಟ್ಟೆಗೆ ಆಪರೇಷನ್ ಆಗಿ ಒಂದೇ ದಿನವಾಗಿತ್ತು. ಬೆಳಗಿನಿಂದ ಅವಳನ್ನು ಮೂರು ಕೋಣೆ ಬದಲಿಸಿದರು. ತಳ್ಳಿದವರು ನಾನು ಮತ್ತು ಮೂಕಪ್ಪ, ಆಸ್ಪತ್ರೆಯ ಗುತ್ತಿಗೆ ಆಳುಗಳು.

ಹೆಂಗಸರ ವಾರ್ಡಿನಲ್ಲಿ ಮಂಚ ಸಾಲದೆ ಅವಳನ್ನು ನೆಲದಲ್ಲಿ ಮಲಗಿಸಿದ್ದರು. ನಿನ್ನೆ ಪಕ್ಕದ ಮುದುಕಿ ತೀರಿಕೊಂಡಾಗ ಮಂಚವೊಂದು ಖಾಲಿಯಾಯಿತು. ಅದು ನಮ್ಮ ಮೇಸ್ತ್ರಿ ಬಂಗಾರಪ್ಪನ ನಾದಿನಿಗೆ ಹೋಯಿತು.

ಇವತ್ತು ದಾವಣಗೆರೆಯ ಸಾಹೇಬರ ತಪಾಸಣೆ. 'ನೆಲದ ಮ್ಯಾಲೆ ಒಂದು ನರಪಿಳ್ಳೆ ಕಾಣಬಾರ್ದು' ಎಂದ ಬಂಗಾರಪ್ಪ. ಸ್ಟ್ರೆಚರಿಗೆ ಎತ್ತಿ ಉಗ್ರಾಣಕ್ಕೆ ತಳ್ಳಿದೆವು. ಸಾಹೇಬರು ಉಗ್ರಾಣ ನೋಡುತ್ತಾರಂತೆ ಎಂದರು. ಎಕ್ಸ್‌ರೇ ಕೋಣೆಗೆ ತಳ್ಳಿದೆವು. ಅಲ್ಲಿಂದ ಬಟ್ಟೆ ಒಗೆಯುವ ಕೋಣೆಗೆ. ಹೊಸಿಲು ಬಂದಾಗಲೆಲ್ಲ ಅವಳು ನನ್ನ ಸೆರಗು ಹಿಡಿಯುತ್ತಿದ್ದಳು.

'ಶಂಕ್ರಮ್ಮಕ್ಕ, ಹೊಲಿಗೆ ಎಳೀತೈತೆ.'

'ಇನ್ನೊಂದು ಗಳಿಗೆ ತಡ್ಕೊಳವ್ವ. ಈ ಪೀಡೆ ತೊಲಗ್ಲಿ.'

ಬಂಗಾರಪ್ಪ ಓಡಿ ಬಂದ. 'ಇಲ್ಲಿಗೂ ಬರ್ತಾ ಅವ್ರೆ. ಹೆಣದ ಕೋಣೆ ಖಾಲಿ ಐತೆ, ಫಿನಾಯಿಲ್ ಹಾಕಿ ತೊಳ್ಸೀನಿ. ಅಲ್ಲಿಗೆ ಯಾವ ನನ್ಮಗನೂ ಇಣುಕಲ್ಲ. ತಳ್ರಿ.'

ನಮ್ಮಿಬ್ಬರದೊಂದು ಕಟ್ಟಳೆ. ಬದುಕಿರುವವರನ್ನು ತಲೆ ಮುಂದೆ ಮಾಡಿ ಒಯ್ಯುತ್ತೇವೆ, ಹೆಣವನ್ನು ಕಾಲು ಮುಂದೆ ಮಾಡಿ. ಯಾರೂ ಕಲಿಸಿದ್ದಲ್ಲ. ಹೆಣದ ಕೋಣೆಗೆ ಹೋಗುವ ಹಿಂದಿನ ಓಣಿ ಇಕ್ಕಟ್ಟು, ಸ್ಟ್ರೆಚರ್ ತಿರುಗುವುದಿಲ್ಲ. ಅವಸರದಲ್ಲಿ ಹೇಗಿತ್ತೋ ಹಾಗೇ ನುಗ್ಗಿಸಿದ್ದೆವು. ನಾನು ಗಮನಿಸಿರಲಿಲ್ಲ. ಮುದುಕಿಯನ್ನು ಒಯ್ದದ್ದನ್ನು ನೆಲದಿಂದಲೇ ನೋಡಿದ್ದ ಖೈರುನ್ನೀಸಾ ಗಮನಿಸಿದಳು.

'ಕಾಲು ಮುಂದೆ ಮಾಡೀರಲ್ಲಕ್ಕ,' ಎಂದಳು ಮೆಲ್ಲಗೆ. 'ನಾನಿನ್ನೂ ಬದುಕಿದೀನಿ.'

ಹೊದಿಕೆಯ ಮೇಲೆ ಕೆಂಪು ಹರಡುತ್ತಿತ್ತು.

'ರಕ್ತ ಬರ್ತೈತ್ರೀ. ಡಾಕ್ಟರ್ನ ಕರೀರಿ,' ಎಂದೆ ಹಿಂದೆಯೇ ಬಂದ ಬಂಗಾರಪ್ಪನಿಗೆ.

'ಡಾಕ್ಟರು ಸಾಹೇಬರ ಹಿಂದೆ ಅವ್ರೆ. ಮೊದ್ಲು ಒಳಗೆ ತಳ್ಳು. ಹೆಣದ ಕೆಲ್ಸ ನಿಮ್ಮ ಕೇರಿಯೋರಿಗೆ ಹೊಸದೇನೇ?'

ಮೂಕಪ್ಪ ನನ್ನ ಮುಖ ನೋಡಿದ. ಅವನ ಕೈ ಇನ್ನೂ ಸ್ಟ್ರೆಚರಿನ ಹಿಡಿಯ ಮೇಲೇ ಇತ್ತು. ನಾನು ಗೋಡೆಗೆ ಒತ್ತಿಕೊಂಡು ಮುಂದೆ ದಾಟಿ, ಹೆಣದ ಕೋಣೆಯ ಹೊಸಿಲ ಮೇಲೆ ಕೂತೆ. ಗಾಲಿ ನನ್ನ ಮೊಣಕಾಲಿಗೆ ತಾಗಿ ನಿಂತಿತು. ಅವಳ ಪಾದಗಳು ತಣ್ಣಗಿದ್ದವು. ಎರಡನ್ನೂ ಕೈಯಲ್ಲಿ ಹಿಡಿದುಕೊಂಡೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

'ಏಳೇ ಬೋಸುಡಿ. ನಾಳೆಯಿಂದ ನಿನ್ನ ಗೇಟಿನೊಳಗೆ ಬಿಟ್ರೆ ಕೇಳು.'

'ಆಗ್ಲಿ. ಜೀವ ಇರೋಳ್ನ ಇದ್ರೊಳಗೆ ಹಾಕಾಕೆ ನಾ ಏಳಲ್ಲ.'