ಹಸಿರು ದಾರದ ಡಾಂಗಲ್

“ಇಲ್ಲಿ ನನ್ನ ಹೆಸರು ಯಾಕ ಐತಿ, ಸುಮತಿ?” ಎಂದರು ಮಾವ.

ಆಗತಾನೆ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ, ನನ್ನ ಪ್ಯಾಚ್ ತಗೊಂಡ್ರು ನೋಡ್ರಿ ಅಂದಿದ್ದೆ. ಕಾಲೇಜಿನ ಮೆಟ್ಟಿಲು ಹತ್ತದ ನಾನು ತಾರ್ನಾಕದ ಈ ಮನೆಯ ಊಟದ ಮೇಜಿನ ಮೇಲೇ, ವಿಡಿಯೋ ನೋಡಿ ನೋಡಿ ಪ್ರೋಗ್ರಾಂ ಬರೆಯಲು ಕಲಿತವಳು. ವೈಫೈ ಸಾಧನಗಳನ್ನು ಹೊಂದಿಸುವ ಒಂದು ಸಾಫ್ಟ್‌ವೇರ್ ಟೂಲ್ ಇದೆ. ಅದರ ಒಳಗಿನ ಪ್ರೋಗ್ರಾಂ ಯಾರು ಬೇಕಾದರೂ ನೋಡಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಆ ತಿದ್ದುಪಡಿಗೇ ಪ್ಯಾಚ್ ಅನ್ನುವುದು. ನಾಲ್ಕು ಸಲ ವಾಪಸ್ ಬಂದ ನನ್ನ ಪ್ಯಾಚು ಐದನೆಯ ಸಲಕ್ಕೆ ಒಪ್ಪಿಗೆಯಾಗಿತ್ತು.

“ಯಾರು ಟೆಸ್ಟ್ ಮಾಡ್ತಾರೋ ಅವರ ಹೆಸರು ಹಾಕೋದು ಅಲ್ಲಿನ ಪದ್ಧತಿ, ಮಾವಾರ.”

“ನಾ ಟೆಸ್ಟ್ ಮಾಡಿಲ್ಲ.”

ನನಗೆ ನಗು ಬಂತು. “ತಮಾಷಿ ಮಾಡಬ್ಯಾಡ್ರಿ. ಹಸಿರು ದಾರ ಕಟ್ಟಿ ಇಟ್ಟಿದ್ರಲ್ಲ.”

ಮಾವ ಚಹಾದ ಲೋಟ ಕೆಳಗಿಟ್ಟರು.

“ದಾರ ಕಟ್ಟೋದು ಸಾಮಾನು ಬಂದಾಗ. ಪಾಸಾದ ಮ್ಯಾಲ ಕತ್ತರಸ್ತೀವಿ. ನಿನ್ನಿ ಡಾಕ್ಟರ ಹತ್ರ ಕಣ್ಣಿಗೆ ಹನಿ ಹಾಕ್ಸಿಕೊಂಡು ಬಂದಿದ್ನಿ, ಅಕ್ಷರನ ಕಾಣ್ತಿರಲಿಲ್ಲ. ನಾಳಿ ನೋಡೋಣ ಅಂತ ಕಟ್ಟಿ ಇಟ್ಟೆ.”

ನನ್ನ ಮಾವ ಅಮರೇಶಪ್ಪನವರು ಸರಕಾರಿ ಕಾರ್ಖಾನೆಯೊಂದರ ಟೆಸ್ಟಿಂಗ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಹಳೆಯ ಸಾಧನದ ಮೇಲೂ ಪರೀಕ್ಷೆಯಾಗಲಿ ಎಂದು ಆ ಟೂಲ್ ನೋಡಿಕೊಳ್ಳುವಾತ ಕೇಳಿದ್ದ. ನಾನು ಸುಲ್ತಾನ್ ಬಜಾರಿನ ಪಕ್ಕದ ಓಣಿಯಲ್ಲಿ ಕಂಪ್ಯೂಟರಿಗೆ ಚುಚ್ಚುವ ಹಳೆಯ ವೈಫೈ ಡಾಂಗಲ್ ಒಂದನ್ನು ಹುಡುಕಿ ತಂದು, ಕೊಡಬೇಕಾದ ಕಮಾಂಡ್‌ಗಳ ಚೀಟಿಯೊಂದಿಗೆ ಮಾವನ ಮೇಜಿನ ಮೇಲಿಟ್ಟಿದ್ದೆ. ಮಾರನೆಯ ದಿನ ಬೆಳಿಗ್ಗೆ ಅದಕ್ಕೆ ಹಸಿರು ದಾರ. ಹಸಿರು ಎಂದರೆ ಸರಿ ಅಲ್ಲವೇ? ಕೇಳಲೇ ಇಲ್ಲ, ಹೆಸರು ಹಾಕಿ ಆಗಲೇ ಕಳಿಸಿಬಿಟ್ಟೆ. ಸಂಜೆಯೊಳಗೆ ಒಪ್ಪಿಗೆ ಬಂತು.

ಅಡುಗೆಮನೆಯಿಂದ ಅತ್ತೆ ಶಿವದೇವಿ ಬಂದರು. “ನನ್ನ ಹೊಸಾ ಕುಕ್ಕರಿಗೂ ಮೂರು ದಿನ ದಾರ ಕಟ್ಟಿ ಇಟ್ಟ ಮನಿಷ್ಯಾ ಇವರು. ಅನ್ನ ಆಗಿಲ್ಲ ಅಂದ್ರ, ಇನ್ನಾ ಪಾಸಾಗಿಲ್ಲ ಅಂದ್ರು. ನಿನಗ ಒಂದು ಮಾತು ಕೇಳಾಕ ಏನಾಗಿತ್ತು?”

ನಾನು ಲ್ಯಾಪ್‌ಟಾಪನ್ನು ನನ್ನ ಕಡೆ ಎಳೆದುಕೊಂಡೆ.

“ಅದರಾಗ ಯಾವ ತಪ್ಪು ತಿದ್ದೀದಿ?” ಎಂದು ಮಾವ ಕೇಳಿದರು.

“ಸಿಗ್ನಲ್ ಕಮ್ಮಿ ಮಾಡು ಅಂದ್ರ, ಆ ಟೂಲು ಡಾಂಗಲ್‌ನ ಕೇಳದನ ‘ಆಯ್ತು’ ಅಂತಿತ್ತು. ಈಗ ಮೊದಲು ಕೇಳಿ, ಆಮ್ಯಾಲ…”

ಕೇಳದೆ ‘ಆಯ್ತು’ ಅಂದವಳು ನಾನೂ. ಮಾವ ನನ್ನನ್ನೇ ನೋಡುತ್ತಿದ್ದರು. ಅತ್ತೆ ನಗು ತಡೆಯಲು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಹೆಸರು ತೆಗಸು,” ಎಂದರು ಮಾವ.

“ತೆಗಸಿದ್ರ ಪ್ಯಾಚೂ ಹೋಗ್ತೈತ್ರಿ. ಹಳೇದರ ಮ್ಯಾಲ ಟೆಸ್ಟ್ ಆದ್ರ ಅಷ್ಟ ತಗೋತೀನಿ ಅಂದಾನ ಅಂವ. ನೀವು ಈಗ ಟೆಸ್ಟ್ ಮಾಡಿಬಿಡ್ರಿ, ಹತ್ತು ನಿಮಿಷದ ಕೆಲಸ. ಯಾರಿಗೆ ಗೊತ್ತಾಗ್ತೈತಿ?”

“ಮೊದಲು ಹೆಸರು. ಆಮ್ಯಾಲ ಟೆಸ್ಟ್.”

ಎಂಟು ತಿಂಗಳ ಕೆಲಸ. ಆ ಟೂಲಿನವರ, ಎಲ್ಲರಿಗೂ ಕಾಣುವ ಚರ್ಚೆಯ ಪುಟದಲ್ಲೇ ಬರೆದೆ: ಅಮರೇಶಪ್ಪನವರು ಪರೀಕ್ಷೆ ಮಾಡಿಲ್ಲ, ಕೇಳದೆ ಹೆಸರು ಹಾಕಿದವಳು ನಾನು, ದಯವಿಟ್ಟು ಪ್ಯಾಚ್ ತೆಗೆದುಬಿಡಿ. ಕಳಿಸುವ ಗುಂಡಿ ಒತ್ತಿದೆ.

ಮಾವ ಅದನ್ನು ಎರಡು ಸಲ ಓದಿದರು. ಆಮೇಲೆ ಡ್ರಾಯರಿನಿಂದ ಕತ್ತರಿ ತೆಗೆದು ಪಕ್ಕದಲ್ಲಿಟ್ಟುಕೊಂಡು, ದಾರ ಕಟ್ಟಿದ ಡಾಂಗಲ್ಲನ್ನು ಲ್ಯಾಪ್‌ಟಾಪಿಗೆ ಚುಚ್ಚಿದರು. ನನ್ನ ಚೀಟಿ ನೋಡುತ್ತ, ಒಂದೇ ಬೆರಳಿನಲ್ಲಿ ಟೈಪ್ ಮಾಡಿದರು. ಮೊದಲ ಕಮಾಂಡ್ ಸರಿ. ಎರಡನೆಯದೂ ಸರಿ. ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟರು.

ಮೂರನೆಯದಕ್ಕೆ ಪರದೆ ಹಾಗೇ ನಿಂತಿತು. ಕಾದೆವು. ಯಾವ ಗುಂಡಿ ಒತ್ತಿದರೂ ಅಲುಗಲಿಲ್ಲ. ಡಾಂಗಲ್ಲಿನ ನೀಲಿ ದೀಪ ಆರಿಹೋಯಿತು. ಪ್ಯಾಚ್ ಉಳಿದಿದ್ದರೆ ಈ ಡಾಂಗಲ್ ಇರುವ ಎಲ್ಲರ ಮನೆಯಲ್ಲೂ ಹೀಗೇ ಆಗುತ್ತಿತ್ತು, ಮಾವನ ಹೆಸರಿನಲ್ಲಿ.

“ನನ್ನ ಹೊಸಾ ಡಾಂಗಲ್‌ನಾಗ ಎಲ್ಲಾ ಸರಿ ಇತ್ರಿ,” ಎಂದೆ.

“ಇತ್ತು. ಇದರಾಗ ಇಲ್ಲ. ಬರ್ಕೊ: ಮೂರನೇ ಕಮಾಂಡ್, ನಿಂತಿತು. ಟೈಮೂ ಹಾಕು.”

ನಾನು ಬರೆದುಕೊಂಡೆ. ಮಾವ ದಾರ ಹಾಗೇ ಬಿಟ್ಟು, ಕತ್ತರಿಯನ್ನು ಡ್ರಾಯರಿನೊಳಗೆ ವಾಪಸ್ ಇಟ್ಟರು.